ನನ್ನ ಸಮೀಕ್ಷೆಯಲ್ಲಿ ಇರದಿದ್ದ ಪ್ರಶ್ನೆ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣ್ಣಗಾಗಿತ್ತು. ಜೀವಮಾನವಿಡೀ ಸೀರೆಯ ಸೆರಗನ್ನು ತಿಕ್ಕಿ ನೋಡಿದ ಬೆರಳುಗಳು. ಸುಮ್ಮನೆ ಮಾತಾಡುವಾಗಲೂ ಒಂದನ್ನೊಂದು ತಿಕ್ಕುತ್ತಲೇ ಇರುತ್ತಿದ್ದವು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಸೀರೆ ಅಂಗಡಿ. ಮನೆ ಜೋರಾಪುರ ಪೇಟೆಯಲ್ಲಿ, ನಮ್ಮ ಮನೆಯ ಎದುರಿಗೇ. ನಾನು ಕಾಕಾ ಎನ್ನುತ್ತಿದ್ದೆ. "ಇದು ಬಣ್ಣ ಬಿಡ್ತದ, ಒಯ್ಯಬ್ಯಾಡ್ರಿ" ಎಂದು ಗಿರಾಕಿ ಮೆಚ್ಚಿದ ಸೀರೆಯನ್ನು ತಾವೇ ಮಡಚಿಡುತ್ತಿದ್ದ ಮನುಷ್ಯ.

ಎಂ.ಕಾಂ. ಕೊನೆಯ ವರ್ಷದಲ್ಲಿ ನಾನು, ಸೀರೆ ಕೊಳ್ಳುವವರ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ ಎಷ್ಟು ಎಂದು ಸಮೀಕ್ಷೆ ಮಾಡಿದೆ. ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದ್ದೆ. ಬಹುತೇಕ ಎಲ್ಲರೂ ಫೋನಿನಲ್ಲಿ ನೋಡಿಯೇ ಕೊಳ್ಳುತ್ತೇವೆ ಎಂದಿದ್ದರು. ಹೆಮ್ಮೆಯಿಂದ ಕಾಕಾಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಇನ್ನು ಅಂಗಡಿಗೆ ಯಾರೂ ಬರುವುದಿಲ್ಲ, ಬಾಡಿಗೆಗೆ ಕೊಟ್ಟುಬಿಡೋಣ ಎಂದು ಅವರ ತಮ್ಮ ಆಗಲೇ ಬೆನ್ನು ಹತ್ತಿದ್ದ.

"ಯಾರನ್ನ ಕೇಳಿದೆವ್ವಾ?"

"ಫೋನಿನ್ಯಾಗ ಕೇಳೇನಿ ಕಾಕಾ."

"ಬಸ್ಸಿನ್ಯಾಗ ಕುಂತವ್ರನ್ನ, ನೀವು ಬಸ್ಸಿಗೆ ಹೋಗ್ತೀರೇನು ಅಂತ ಕೇಳಿದಂಗಾತು. ನಡಿ, ಹಳ್ಳಿಗೆ ಹೋಗಿ ಕೇಳೂಣು."

ಹಿಂದೆ ಅವರು ಪ್ರತಿ ಮಂಗಳವಾರ ಸೀರೆಗಂಟು ಹೊತ್ತು ತಿಕೋಟಾ, ಬಬಲೇಶ್ವರದ ಕಡೆ ಹೋಗುತ್ತಿದ್ದರು. ಮೊಣಕಾಲು ನೋವಿನಿಂದ ವರ್ಷದ ಹಿಂದೆ ಬಿಟ್ಟಿದ್ದರು. ಅಂದು ಗಂಟಿಲ್ಲದೆ ನನ್ನೊಂದಿಗೆ ಮಮದಾಪುರದವರೆಗೆ ಬಂದರು. ಕುರಿ ಸಾಕಿದ ಹಳೆಯ ಗಿರಾಕಿಯೊಬ್ಬಳ ಮನೆಯಲ್ಲಿ ಕೂತೆವು. ಫೋನಿನಲ್ಲಿ ಸೀರೆ ತರಿಸುತ್ತೀರಾ ಎಂದು ಆಕೆಯನ್ನು ಕೇಳಿದೆ.

"ಇಲ್ಲವ್ವಾ, ನಮಗ್ಯಾಕ ಅದು. ಅಣ್ಣಾರ ಸೀರಿನ ಚಲೋ."

'ಇಲ್ಲ' ಎಂದು ಗುರುತು ಹಾಕಿದೆ. ಕಾಕಾ ಅಂಗಳದಲ್ಲಿ ಒಣಹಾಕಿದ್ದ ಸೀರೆಯನ್ನು ನೋಡುತ್ತಿದ್ದರು. ಅದು ಅವರ ಅಂಗಡಿಯದಲ್ಲ. "ಕೆರಿ ನೋಡಿ ಬರ್ತೀನಿ" ಎಂದು ಎದ್ದರು. ಹೋಗುವಾಗ, ಮತ್ತೊಮ್ಮೆ ಕೇಳು ಎಂಬಂತೆ ನನಗೆ ಕಣ್ಸನ್ನೆ ಮಾಡಿದರು. ಕೇಳಿದೆ.

ಆಕೆ ದನಿ ತಗ್ಗಿಸಿದಳು. "ಎರಡು ತರಿಸೇನವ್ವಾ, ಸೊಸಿ ಫೋನಿನ್ಯಾಗ. ಅವ್ರ ಮುಂದ ಹೆಂಗ ಹೇಳ್ಲಿ?"

'ಇಲ್ಲ' ಹೊಡೆದುಹಾಕಿ 'ಹೌದು' ಮಾಡಿದೆ.

ಮರಳುವಾಗ ಬಸ್ಸು ಬಬಲೇಶ್ವರ ತಲುಪುವ ಹೊತ್ತಿಗೆ ಕಾಕಾ ಮೆಲ್ಲಗೆ, "ತರಿಸ್ಯಾಳ, ಹೌದಿಲ್ಲೊ?" ಎಂದರು. ತಲೆಯಾಡಿಸಿದೆ.

"ಯಾಕಂತ?"

ನನ್ನ ಹಾಳೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಅವರು ಬೈಯಲಿಲ್ಲ, ನನ್ನನ್ನು ಇಳಿಸಿ, ತಿರುಗಿ ಮಮದಾಪುರದ ಬಸ್ಸು ಹತ್ತಿಸಿ, ತಾವು ನಿಲ್ದಾಣದಲ್ಲೇ ಕೂತರು. ನನ್ನನ್ನು ಮತ್ತೆ ಕಂಡು ಆಕೆ ನಕ್ಕಳು. "ಅಣ್ಣಾರು ಬರೋದು ಬಿಟ್ರಲ್ಲವ್ವಾ. ನಾ ಪ್ಯಾಟಿಗೆ ಹೋದ್ರ ಕುರಿ ಯಾರು ನೋಡ್ಬೇಕು?"

ಬಂದು ಹೇಳಿದೆ. ಕಾಕಾ ಮೊಣಕಾಲು ನೀವಿಕೊಂಡರು. "ನನ್ನ ಮೊಣಕಾಲು ಮಾಡಿದ್ದನ್ನ ಫೋನಿನ ಹೆಸರಿಗೆ ಬರಿಯಾಕ ಹೊಂಟಿದ್ದಿ ನೋಡು" ಎಂದು ಆಮೇಲೆ ನಕ್ಕರು. ಆ ನಗುವಿನಲ್ಲಿ ಅಳುವೂ ಇತ್ತೆಂದು ನನಗನಿಸಿತು.

ಮುಂದಿನ ಮಂಗಳವಾರ ಆಟೋ ಗೊತ್ತುಮಾಡಿಕೊಂಡು ಗಂಟಿನೊಂದಿಗೆ ಹೊರಟರು. ಹೋದ ಗಿರಾಕಿಗಳಲ್ಲಿ ಕೆಲವರಷ್ಟೇ ಮರಳಿದರು. ಹೊಸ ಸೊಸೆಯಂದಿರು ಫೋನನ್ನೇ ನಂಬಿದರು. ಆದರೂ ಅಂಗಡಿ ಉಳಿಯಿತು. ನಾನು ಲಿಂಕಿನ ಉತ್ತರಗಳನ್ನು ಬದಿಗಿಟ್ಟು ಆರು ಹಳ್ಳಿ ತಿರುಗಿದೆ. ಉತ್ತರ ಹೇಳುವಾಗ ಅವರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಬರೆದುಕೊಂಡೆ. ನನ್ನ ಲೆಕ್ಕ ಎಷ್ಟನ್ನು ಹೇಳಲಾರದು ಎಂದು ಕೊನೆಯ ಅಧ್ಯಾಯದಲ್ಲಿ ಒಪ್ಪಿಕೊಂಡೆ. ಪರೀಕ್ಷಕರಿಗೆ ಅದು ಹಿಡಿಸಲಿಲ್ಲ.

ವರದಿಯ ಒಂದು ಪ್ರತಿಯನ್ನು ಕಾಕಾಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕೃತಜ್ಞತೆಯ ಪುಟವನ್ನು ಪೂರ್ತಿ ಓದಿದರು. ಮಾರ್ಗದರ್ಶಕರು, ಕಾಲೇಜು, ಗೆಳತಿಯರು ಎಲ್ಲ ಇದ್ದರು, ಕಾಕಾ ಒಬ್ಬರೇ ಇರಲಿಲ್ಲ. ಅವಸರದಲ್ಲಿ ನನಗೆ ಹೊಳೆದೇ ಇರಲಿಲ್ಲ. "ಚಲೋ ಬರದಿಯವ್ವಾ" ಎಂದು ಅದನ್ನು ದೇವರ ಜಗಲಿಯ ಮೇಲಿಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ನಾನೀಗ ಪಾಠ ಹೇಳುವ ಕಾಲೇಜಿನಲ್ಲಿ ಮಕ್ಕಳು ಸಮೀಕ್ಷೆಗಳನ್ನು ತಂದು ತೋರಿಸಿದಾಗಲೆಲ್ಲ ನನ್ನ ಆ ಕೃತಜ್ಞತೆಯ ಪುಟವೇ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಮೊದಲ ಸಾಲಾಗಬೇಕಿದ್ದುದನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇನೆ.