ದಿಲ್ಲಿಯಲ್ಲಿ ಹಾಕದ ಓಟು

ಗಂಡುಮಕ್ಕಳಿಲ್ಲದ ಅಪ್ಪ, ಹೊಲ ದಾಯಾದಿಗಳ ಪಾಲಾಗಬಾರದೆಂದು ಕುರುಗೋಡಿನಲ್ಲಿ ಮಗಳು ಹುಲುಗಮ್ಮನ ಕೊರಳಿಗೆ ದೇವರ ಹೆಸರಿನ ಮುತ್ತು ಕಟ್ಟಿಸಿ, ಅವಳನ್ನು ಬಸವಿ ಬಿಟ್ಟಿದ್ದ. ಬಸವಿಯೆಂದರೆ ಮಗನಿದ್ದಂತೆ, ಹೊಲ ಅವಳದೇ, ಮದುವೆ ಮಾತ್ರ ಇಲ್ಲ. ಮದುವೆಯಾದ ಹೆಣ್ಣಿಗೂ ಅಪ್ಪನ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು ದಿಲ್ಲಿಯಲ್ಲಿ ಬರುತ್ತದೆಂದು ಕೇಳಿ, ತನ್ನ ಮಗಳ ಕೊರಳಿಗಾದರೂ ತಾಳಿ ಬೀಳಲೆಂದು ಹುಲುಗಮ್ಮ ನಾಲ್ಕು ವರ್ಷ ಕಾದಳು. ಐವತ್ತೊಂದರಲ್ಲಿ ಆ ಮಸೂದೆಯನ್ನು ಕೊನೆಯ ಓಟಿಗೆ ಹಾಕದೆಯೇ ಮೂಲೆಗೆ ತಳ್ಳಿದರು. ಮಗಳ ಮದುವೆಯಾದರೆ ಹೊಲ ತಮ್ಮದೆಂದು ದಾಯಾದಿಗಳು ಹೊಲದ ಬದುವಿಗೆ ಬಂದು ನಿಂತರು.

ಮೂರೇ ತಿಂಗಳಿಗೆ ದಿಲ್ಲಿಯ ಮೆಂಬರೊಬ್ಬ ಚುನಾವಣೆಯೆಂದು ಅವಳ ಬಾಗಿಲಿಗೆ ಬಂದು ಕೈಮುಗಿದ.

“ಆ ಕಾನೂನಿಗೆ ಯಾವ ಕಡೆ ಕೈ ಎತ್ತಿದ್ರಿ?” ಎಂದಳು ಹುಲುಗಮ್ಮ.

“ಅದು ಓಟಿಗೇ ಬರ್ಲಿಲ್ಲಲ್ಲವ್ವ. ನಾವೂ ಸುಮ್ಮನಾದ್ವಿ.”

ಅವಳು ಮಗಳನ್ನು ಹೊರಗೆ ಕರೆದು, ಕೊರಳಲ್ಲಿದ್ದ ಹೊಸ ಮುತ್ತು ತೋರಿಸಿದಳು.

“ನೀವು ಸುಮ್ಮನಾಗಿದ್ದು ಇಲ್ಲೈತಿ, ನೋಡ್ರಿ.”