ಪಾಚಿ ಕಟ್ಟುವುದೂ ಪಾಚಿ ಬೆಳೆಯುವುದೂ

೨೦೨೩ನೆಯ ಇಸವಿ, ಆಗ ನನಗೆ ಐವತ್ತನಾಲ್ಕು ವರ್ಷ. ಕನ್ನಡ ಪಾಠ ಹೇಳುವ ಕೆಲಸ ಬಿಟ್ಟು ಚನ್ನರಾಯಪಟ್ಟಣದಲ್ಲಿ ನೆಲಸಿದ್ದೆ. ನುಗ್ಗೇಹಳ್ಳಿಯ ಕಡೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗೂಡೊಂದನ್ನು ನನ್ನ ತಂಗಿ ನಡೆಸುತ್ತಿದ್ದಳು. ಪಕ್ಕದ ತೋಟದ ಹಿರಿಯರೊಬ್ಬರು ಸುಲಿದ ಕೊಬ್ಬರಿಯನ್ನು ಕಣದಲ್ಲಿ ಹರವಿದಾಗಲೆಲ್ಲ ಅದರ ಮೇಲೆ ಮಸಿ ಕೂರುತ್ತಿತ್ತು. ಗೂಡನ್ನು ಮುಚ್ಚಿಸಬೇಕೆಂದು ಅವರು ಪಂಚಾಯಿತಿಗೆ ದೂರು ಕೊಟ್ಟರು.

ತಂಗಿ ಹಾಸನದ ಪ್ರಯೋಗಾಲಯವೊಂದರಲ್ಲಿ ಉಪಾಯ ಕಲಿತು ಬಂದಳು. ಹೊಗೆಯನ್ನು ನೀರಿನ ತೊಟ್ಟಿಯಲ್ಲಿ ಹಾಯಿಸಿ ಮಸಿ ಕಳೆದು, ಉಳಿದ ಇಂಗಾಲದ ಡೈಆಕ್ಸೈಡನ್ನು ಟಾರ್ಪಾಲು ಹಾಸಿದ ಹೊಂಡಕ್ಕೆ ಗುಳ್ಳೆಗುಳ್ಳೆಯಾಗಿ ಬಿಡಬೇಕು. ಅದನ್ನುಂಡು ಬಿಸಿಲಿನಲ್ಲಿ ಬೆಳೆಯುವ ಅತಿ ಸಣ್ಣ ಪಾಚಿಯನ್ನು ಸೋಸಿ ಒಣಗಿಸಿ ಕೊಟ್ಟರೆ, ಪ್ರಯೋಗಾಲಯದವರು ಎಣ್ಣೆ ತೆಗೆದು ಡೀಸೆಲ್ ಮಾಡುತ್ತಾರೆ. ಇದಕ್ಕೆ ಗ್ರಾಮಸಭೆ ಒಪ್ಪಬೇಕಿತ್ತು. ಒಪ್ಪದಿದ್ದರೆ ಗೂಡು ಉಳಿಯುತ್ತಿರಲಿಲ್ಲ.

ಅರ್ಜಿ ಬರೆದವನು ನಾನು. ‘ಸೂಕ್ಷ್ಮಶೈವಲ ಕೃಷಿ’ ಎಂದು ಬರೆದೆ. ಪದ ಶುದ್ಧವಾಗಿತ್ತು, ಈಗಲೂ ಶುದ್ಧವೇ. ಸಭೆಯಲ್ಲಿ ಅದನ್ನು ಓದಿದ ಕೂಡಲೇ ಹಿರಿಯರು ಎದ್ದು ನಿಂತರು.

“ಶೈವಲ ಅಂದ್ರೆ ಶೈವ್ರುದಾ ಮೇಷ್ಟ್ರೇ? ನಾವು ನಾಮದೋರು ಕಣಪ್ಪ. ನಮ್ ಬೇಲಿ ಪಕ್ಕ ಯಾಕೆ?”

“ಪಾಚಿ ಮಾವ, ಬರೀ ಪಾಚಿ,” ಎಂದಳು ತಂಗಿ.

ಸಭೆ ನಕ್ಕಿತು. ಹಿರಿಯರು ಬಿಡಲಿಲ್ಲ. “ಪಾಚೀನಾ? ಕಟ್ಟೆ ಮೆಟ್ಲು ಉಜ್ಜಿ ಉಜ್ಜಿ ನಮ್ ಸೊಂಟ ಬಿದ್ದೋಗದೆ, ಇವ್ಳು ಸಾಕ್ತಾಳಂತೆ. ನಾಳೆ ನಮ್ ಕಟ್ಟೇಲೂ ಇದೇ ಕಟ್ಕಂಡ್ರೆ ಯಾರ್ ಜವಾಬ್ದಾರಿ?”

ಉತ್ತರ ಆ ಪ್ರಶ್ನೆಯಲ್ಲಿಯೇ ಇತ್ತು. “ಪಾಚಿ ಕಟ್ಟುತ್ತದೆ ಎಂಬುದು ಅಕರ್ಮಕ,” ಎಂದೆ. “ಅದು ತಾನಾಗಿ ಕಟ್ಟುತ್ತದೆ; ಯಾರನ್ನೂ ಕೇಳುವ ಹಾಗಿಲ್ಲ. ಪಾಚಿಯನ್ನು ಬೆಳೆಯುತ್ತಾಳೆ ಎಂಬುದು ಸಕರ್ಮಕ. ಬೆಳೆಯುವವಳು ಇಲ್ಲೇ ಕೂತಿದ್ದಾಳೆ. ಹೊಂಡ ತುಳುಕಿದರೂ ಮಸಿ ಹಾರಿದರೂ ಕರ್ತೃವನ್ನು ಹಿಡಿದು ಕೇಳಿ.”

“ಅಂಗಾದ್ರೆ ಆ ಕರ್ತೃ ಹೆಸ್ರು ಬರ್ಕಳಿ,” ಎಂದರು ಹಿರಿಯರು. “ನನ್ ಬಿಳೀ ಪಂಚೇನ ಕಣದಲ್ಲಿ ಹಾಸ್ತೀನಿ. ಮಸಿ ಬಿತ್ತೋ, ಗೂಡು ಮುಚ್ಬೇಕು, ಪಂಚೇನೂ ಒಗ್ದು ಕೊಡ್ಬೇಕು.”

“ಬೀಳ್ದೆ ಇದ್ರೆ?”

“ದೂರು ವಾಪಸ್ ತಕತೀನಿ ಕಣವ್ವ, ಇನ್ನೇನು.”

ಆ ಕರಾರಿನ ಮೇಲೆ ಸಭೆ ಒಪ್ಪಿತು. ಮಳೆಗಾಲ ಕಳೆದ ಮೇಲೆ ತೊಟ್ಟಿ, ಹೊಂಡ ಸಿದ್ಧವಾದವು. ನೀರು ಮೊದಲು ತಿಳಿಹಸಿರಾಗಿ, ಆಮೇಲೆ ಹುರುಳಿ ಎಲೆಯ ಬಣ್ಣಕ್ಕೆ ತಿರುಗಿತು. ಪರೀಕ್ಷೆಯ ದಿನ ಬೆಳಗಿನ ಜಾವವೇ ಗೂಡಿಗೆ ಬೆಂಕಿ ಇಟ್ಟೆವು. ಗಾಳಿ ನೇರವಾಗಿ ಕಣದ ಕಡೆಗೇ ಬೀಸುತ್ತಿತ್ತು. ಬೀಸಲಿ ಎಂದುಕೊಂಡೆ, ತಂಗಿಯ ಕೆಲಸದಲ್ಲಿ ನನಗೆ ಅನುಮಾನವಿರಲಿಲ್ಲ.

ಮಧ್ಯಾಹ್ನ ಹಿರಿಯರು ಪಂಚೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಅಂಚಿನಲ್ಲಿ ಒಂದು ಕಲೆ ಕಂಡಿತು. ತಂಗಿಯ ಮುಖ ಬಾಡಿತು.

“ಇದು ನಂದೇ ಕಣವ್ವ, ಎಲೆಅಡ್ಕೇದು,” ಎಂದು ಅವರು ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಪಂಚಾಯಿತಿ ಕಚೇರಿಗೆ ನಡೆದರು. ದೂರನ್ನು ಹಿಂದಕ್ಕೆ ಪಡೆದು ಸಹಿ ಹಾಕಿದ್ದು ೨೦೨೪ನೆಯ ಇಸವಿ ಫೆಬ್ರವರಿ ೧೬, ಶುಕ್ರವಾರ.