ಬೆರೆಸಿದ ಪುಡಿಯ ನಾಲ್ಕು ವಾರ

ಮಾತ್ರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದ ಆಕೆಗೆ ಜೊತೆಯವರು ಇಟ್ಟ ಹೆಸರು 'ಅನುಮಾನದಕ್ಕ'. ಆ ದಿನ ಹೊಸ ಔಷಧಿಯನ್ನು ಯಂತ್ರದಲ್ಲಿ ಕಾಯಿಸಿದಾಗ, ಅದು ಕರಗುವ ಬಿಸಿಯಲ್ಲಿ ಪರದೆಯ ಗೆರೆ ಚೂಪಾಗಿ ಕೆಳಗಿಳಿಯಿತು. ಮಾತ್ರೆಗೆ ಗಾತ್ರ ಕೊಡುವ ಹಾಲಿನ ಸಕ್ಕರೆಯೊಡನೆ ಬೆರೆಸಿ ಕಾಯಿಸಿದರೆ ಆ ಇಳಿತವೇ ಮಾಯ. ಎರಡಕ್ಕೂ ಹೊಂದುತ್ತಿಲ್ಲವೇನೋ ಎಂಬ ಅನುಮಾನ ಆಕೆಗೆ ಬಂತು.

"ಬರೀ ಗೆರೆ ನೋಡಿ ಕೆಲಸ ನಿಲ್ಲಿಸೋಕಾಗುತ್ತೇನಮ್ಮ?" ಎಂದರು ಮೇಲಧಿಕಾರಿ.

"ಗೆರೆ ಒಂದನ್ನೇ ನಂಬೋದು ಬೇಡ ಸಾರ್. ಬೆರೆಸಿದ ಪುಡೀನ ನಾಲ್ಕು ವಾರ ಬಿಸಿ ಪೆಟ್ಟಿಗೇಲಿಟ್ಟು ನೋಡೋಣ."

ಅವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಅಂದಿನಿಂದ ಮನೆಯಲ್ಲೂ ಆಕೆಗೆ ಅದೇ ಮಾತು.

"ಪುಡಿ ಕೆಡದಿದ್ರೆ ಒಳ್ಳೇದೇ ಅಲ್ವೇನೇ?" ಎಂದ ಗಂಡ.

"ಕೆಡದಿದ್ರೆ ಎಲ್ಲರನ್ನೂ ಸುಮ್ನೆ ಕಾಯಿಸಿದೋಳು ನಾನು. ಕೆಟ್ರೆ, ಹಿಂದೆ ಇನ್ನೆಷ್ಟು ನನ್ನ ಕಣ್ತಪ್ಪಿ ಹೋಗಿದೆಯೋ ಅನ್ನೋ ಭಯ," ಎಂದಳು.

ಕಡೆಯ ದಿನ ಸೀಸೆಗಳನ್ನು ತೆಗೆದು ನೋಡಿದಳು. ಔಷಧಿಯೊಂದೇ ಇದ್ದದ್ದು, ಸಕ್ಕರೆಯೊಂದೇ ಇದ್ದದ್ದು ಎರಡೂ ಬೆಳ್ಳಗಿದ್ದವು. ಬೆರೆಸಿಟ್ಟ ಪುಡಿ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಮೇಲಧಿಕಾರಿ ಮಾತ್ರೆಗೆ ಹಾಕುವ ಪದಾರ್ಥಗಳ ಪಟ್ಟಿಯಿಂದ ಆ ಸಕ್ಕರೆಯನ್ನು ಹೊಡೆದುಹಾಕಿದರು.

"ಈಗಲಾದ್ರೂ ನಿರಾಳ ತಾನೆ?" ಎಂದು ಕೇಳಿದರು.

ಆಕೆ ಹಳೆಯ ವರದಿಗಳಿದ್ದ ಕಪಾಟಿನ ಬೀಗದ ಕೈ ಕೇಳಿದಳು.